‘ಅಳವಡಿಕೆ’ ಸಾಕೇ? ಒಬ್ಬರಿಗಾಗಿ ಒಬ್ಬರು ಕಾಯುವ ಮಾರುಕಟ್ಟೆಗೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಹೊಸ ವಸ್ತುಗಳು ಮಾರುಕಟ್ಟೆಯಲ್ಲಿ ಯಾಕೆ ಗೆಲ್ಲುತ್ತವೆ, ಯಾಕೆ ಸೋಲುತ್ತವೆ ಎಂಬುದರ ಬಗ್ಗೆ ವಿದ್ಯಾರ್ಥಿಗಳಿಗಾಗಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲೂ ಒಬ್ಬರ ಆಯ್ಕೆ ಇನ್ನೊಬ್ಬರ ಆಯ್ಕೆಯ ಮೇಲೆ ನಿಂತಿರುವಂಥ ವಸ್ತುಗಳು: ಫೋನು, ಫ್ಯಾಕ್ಸು, ಟಿವಿ, ಬಾರ್‌ಕೋಡು, ಕಂಪ್ಯೂಟರಿನ ಅಕ್ಷರ ಸಂಕೇತ. ಎರಡು ಕಡೆ ಪದಕ್ಕಾಗಿ ತಡಕಾಡುತ್ತಿದ್ದೇನೆ. ಒಂದು, ಜನ ಹೊಸ ವಸ್ತುವನ್ನು ತಮ್ಮದಾಗಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಅಡಾಪ್ಶನ್ ಎಂಬುದಕ್ಕೆ. ಇನ್ನೊಂದು, ‘ಬೇರೆಯವರು ಬರಲಿ, ಆಮೇಲೆ ನಾನು ಬರುತ್ತೇನೆ’ ಎಂದು ಎಲ್ಲರೂ ಕಾದು ಕೂತಿರುವ ಸ್ಥಿತಿಗೆ.

ಇನೋವೇಶನ್ ಪದದ ಚರ್ಚೆಯನ್ನು ಇಲ್ಲಿ ಎಳೆಯುವುದಿಲ್ಲ. ‘ನಾವೀನ್ಯ’ ಅಥವಾ ‘ನವೀನತೆ’, ಎರಡರಲ್ಲಿ ಒಂದು ಸಾಕಿತ್ತು. ‘ನಾವೀನ್ಯತೆ’ಯಲ್ಲಿ ಭಾವನಾಮಕ್ಕೆ ಮತ್ತೊಂದು ‘ತೆ’ ಸೇರಿಕೊಂಡಿದೆ. ಆದರೆ ಅದು ಈಗಾಗಲೇ ನೆಲೆಯೂರಿದೆ. ನಾನು ಆದಷ್ಟೂ ‘ಹೊಸತು’ ಎಂದೇ ಬರೆಯುತ್ತಿದ್ದೇನೆ.

ಈಗ ಅಡಾಪ್ಶನ್‌ಗೆ ನಾವು ಬಳಸುವ ‘ಅಳವಡಿಕೆ’ಗೆ ಬರೋಣ. ಪದ ಚೆನ್ನಾಗಿದೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ‘ಅಳವಡಿಸಿಕೊಳ್ಳು’ ಎಂದಾಗ ಕಣ್ಣ ಮುಂದೆ ಬರುವುದು ಒಬ್ಬ ಮನುಷ್ಯ, ಒಂದು ವಸ್ತು. ಅವನು ಅದನ್ನು ನೋಡಿದ, ತನಗೆ ಒಗ್ಗಿಸಿಕೊಂಡ, ಕತೆ ಮುಗಿಯಿತು. ಕೆಲವು ಹೊಸತುಗಳಿಗೆ ಇದು ಸರಿಯಾಗಿ ಕೂರುತ್ತದೆ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜಕ್ಕೆ ಹೇಗೆ ಬದಲಾದರು ಎಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 1943ರಲ್ಲಿ ಬರೆದರು. ಹೊಸತು ಹರಡುವ ಬಗೆಯನ್ನು ಅಭ್ಯಾಸ ಮಾಡುವವರೆಲ್ಲ ಇವತ್ತಿಗೂ ನೆನೆಯುವ ಅಧ್ಯಯನ ಅದು. ಅಲ್ಲಿ ರೈತ ಪಕ್ಕದವರನ್ನು ನೋಡಿ ಕಲಿಯುತ್ತಿದ್ದ, ನಿಜ. ಆದರೆ ಅವನ ಹೊಲದ ಇಳುವರಿ ಪಕ್ಕದವರು ಯಾವ ಬೀಜ ಬಿತ್ತಿದರು ಎಂಬುದನ್ನು ನೆಚ್ಚಿರಲಿಲ್ಲ. ಊರಲ್ಲಿ ಅವನೊಬ್ಬನೇ ಬಿತ್ತಿದ್ದರೂ ಲಾಭ ಅವನದೇ. ಇಲ್ಲಿ ‘ಅಳವಡಿಕೆ’ ಎನ್ನಲು ಏನೂ ಅಡ್ಡಿಯಿಲ್ಲ.

ಫೋನಿನ ವಿಷಯಕ್ಕೆ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪಿಕ್ಚರ್‌ಫೋನ್ ತೋರಿಸಿತು. ಮಾತಾಡುವವರ ಮುಖ ಪರದೆಯ ಮೇಲೆ ಕಾಣುವ ಫೋನ್ ಅದು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇವೆ ಶುರುವಾಯಿತು, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಬಾಡಿಗೆ ದುಬಾರಿಯಾಗಿತ್ತು, ಅದೂ ಒಂದು ಕಾರಣ. ಆದರೆ ಅಗ್ಗವಾಗಿದ್ದರೂ ಮೊದಲ ಗ್ರಾಹಕ ಅದರಲ್ಲಿ ಯಾರ ಮುಖ ನೋಡಬೇಕಿತ್ತು? ಅತ್ತ ಕಡೆ ಇನ್ನೊಂದು ಪಿಕ್ಚರ್‌ಫೋನ್ ಇಲ್ಲದಿದ್ದರೆ ಇತ್ತ ಕಡೆಯದು ಸುಮ್ನೆ ಒಂದು ಪೆಟ್ಟಿಗೆ, ಅಲ್ವಾ?

ಇಂಥ ಸೋಲುಗಳ ಬಗ್ಗೆ ನಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯ ಇದೆ: ‘ಜನ ಅದನ್ನು ಒಪ್ಪಲಿಲ್ಲ.’ ನನಗೆ ತಕರಾರು ಇರುವುದು ಇದರ ಮೇಲೇ. ಜನ ಒಬ್ಬೊಬ್ಬರಾಗಿ ಅದನ್ನು ಒಪ್ಪಿಯೇ ಇರಬಹುದು. ‘ನನ್ನ ಪರಿಚಯದವರ ಹತ್ತಿರವೆಲ್ಲ ಇದ್ದಿದ್ದರೆ ನಾಳೆಯೇ ತರುತ್ತಿದ್ದೆ’ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು. ಒಪ್ಪದಿರುವುದು ಬೇರೆ, ಬೇರೆಯವರು ಒಪ್ಪಲಾರರು ಎಂದು ಎಣಿಸುವುದು ಬೇರೆ. ‘ಒಪ್ಪಿಗೆ’, ‘ಅಳವಡಿಕೆ’ ಎಂಬ ಪದಗಳು ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ಓದುವ ವಿದ್ಯಾರ್ಥಿ, ವಸ್ತು ಕೆಟ್ಟದ್ದು, ಅದಕ್ಕೇ ಸೋತಿತು ಎಂದುಕೊಳ್ಳುತ್ತಾನೆ. ಗೆದ್ದದ್ದೆಲ್ಲ ಒಳ್ಳೆಯದು ಎಂದೂ ಅಂದುಕೊಳ್ಳುತ್ತಾನೆ. ಎರಡೂ ತಪ್ಪು ಪಾಠ.

ಹಾಗಾಗಿ ನನ್ನ ಮೊದಲ ಸಲಹೆ: ಇಂಥ ಕಡೆ ‘ಚಲಾವಣೆ’ ಎನ್ನಬಹುದೇ? ನಾಣ್ಯ ಚಲಾವಣೆಗೆ ಬಂತು, ನೋಟು ಚಲಾವಣೆಯಲ್ಲಿದೆ ಎನ್ನುತ್ತೇವೆ. ಕೈಯಲ್ಲಿರುವ ನೋಟಿಗೆ ಬೆಲೆ ಬರುವುದು ಮುಂದಿನವರು ಅದನ್ನು ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆಯಿಂದ. ಆ ಮುಂದಿನವರು ತೆಗೆದುಕೊಳ್ಳುವುದೂ ಅವರ ಮುಂದಿನವರ ಮೇಲಿನ ನಂಬಿಕೆಯಿಂದಲೇ. ನಮಗೆ ಬೇಕಾದ ಅರ್ಥ ಇದೇ. ‘ಪಿಕ್ಚರ್‌ಫೋನ್ ಚಲಾವಣೆಗೆ ಬರಲಿಲ್ಲ’ ಎಂದರೆ ತಪ್ಪು ವಸ್ತುವಿನದು ಎಂದಾಗಲಿ, ಕೊಳ್ಳದವರದು ಎಂದಾಗಲಿ ಆಗುವುದಿಲ್ಲ. ಕೈಯಿಂದ ಕೈಗೆ ದಾಟುವ ಕೊಂಡಿ ಬೆಸೆಯಲಿಲ್ಲ ಎಂದಷ್ಟೇ ಆಗುತ್ತದೆ.

ತೊಡಕುಗಳೂ ಇವೆ. ‘ಮತ ಚಲಾವಣೆ’, ‘ಅಧಿಕಾರ ಚಲಾಯಿಸು’ ಎಂಬ ಬಳಕೆಗಳಲ್ಲಿ ಅರ್ಥ ಬೇರೆ ದಾರಿ ಹಿಡಿದಿದೆ. ನೋಟಿನ ಹಿಂದೆ ಸರ್ಕಾರದ ಮುದ್ರೆ ಇರುವುದರಿಂದ ‘ಚಲಾವಣೆ’ಗೆ ಸ್ವಲ್ಪ ಸರ್ಕಾರಿ ವಾಸನೆಯೂ ಇದೆ. ಫ್ಯಾಕ್ಸಿಗೆ ಅಂಥ ಮುದ್ರೆ ಯಾರೂ ಒತ್ತಲಿಲ್ಲ. ‘ಬಳಕೆಗೆ ಬಂತು’ ಎನ್ನಬಹುದು, ಆದರೆ ಅದು ತೀರಾ ಸಪ್ಪೆ. ‘ರೂಢಿಗೆ ಬಂತು’ ಎಂಬುದು ಗೆದ್ದು ಹಳೆಯದಾದ ಮೇಲಿನ ಮಾತು. ಸದ್ಯಕ್ಕೆ ನನ್ನ ಒಲವು ‘ಚಲಾವಣೆ’ಯ ಕಡೆಗೇ.

ಇನ್ನು ಎರಡನೆಯ ಪ್ರಶ್ನೆ. ಇದು ನನಗೆ ಹೆಚ್ಚು ಮುಖ್ಯ.

ಬಾರ್‌ಕೋಡಿನ ಕತೆ ತೆಗೆದುಕೊಳ್ಳಿ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ ಅದರ ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. ಅಂಗಡಿಯ ಗಲ್ಲಾದಲ್ಲಿ ಮೊದಲ ಸಲ ಒಂದು ವಸ್ತುವಿನ ಮೇಲಿನ ಈಗಿನ ಬಗೆಯ ಬಾರ್‌ಕೋಡನ್ನು ಓದಿಸಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ. ಆ ವಸ್ತು ರಿಗ್ಲೀಸ್ ಚೂಯಿಂಗ್ ಗಮ್ಮಿನ ಪೊಟ್ಟಣ. ನಡುವಿನ 22 ವರ್ಷ ಏನಾಯಿತು? ಅಗ್ಗದ ಲೇಸರ್, ಅಗ್ಗದ ಕಂಪ್ಯೂಟರ್ ಮೊದಲಿಗೆ ಇರಲಿಲ್ಲ. ಅವು ಬಂದ ಮೇಲೂ ಇನ್ನೊಂದು ಗೋಡೆ ಉಳಿದಿತ್ತು. ಪೊಟ್ಟಣಗಳ ಮೇಲೆ ಗೆರೆಗಳಿಲ್ಲದಿದ್ದರೆ ಅಂಗಡಿಯವರು ಓದುವ ಯಂತ್ರ ಯಾಕೆ ಕೊಳ್ಳಬೇಕು? ಅಂಗಡಿಗಳಲ್ಲಿ ಯಂತ್ರವೇ ಇಲ್ಲದಿದ್ದರೆ ತಯಾರಕರು ಗೆರೆಗಳನ್ನು ಯಾಕೆ ಅಚ್ಚು ಹಾಕಬೇಕು? ಇಬ್ಬರ ಲೆಕ್ಕವೂ ಸರಿ. ಇಬ್ಬರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕೊನೆಗೆ ತಯಾರಕರು ಮತ್ತು ಮಾರಾಟಗಾರರು ಒಟ್ಟಿಗೆ ಕೂತು 1973ರಲ್ಲಿ ಒಂದೇ ಸಂಕೇತವನ್ನು ಆರಿಸಿದರು. ಐಬಿಎಂನ ಜಾರ್ಜ್ ಲಾರರ್ ರೂಪಿಸಿದ ವಿನ್ಯಾಸ ಅದು. ಆ ಮೇಲೂ ಅಂಗಡಿಗಳು ತಟ್ಟನೆ ಬದಲಾಗಲಿಲ್ಲ. ಆದರೆ ‘ಅವರು ಬರುತ್ತಾರೆ’ ಎಂದು ಎರಡೂ ಕಡೆಯವರು ನಂಬಲು ಒಂದು ಆಧಾರ ಸಿಕ್ಕಿತು.

1973ಕ್ಕೆ ಮುಂಚಿನ ಆ ಸ್ಥಿತಿಗೆ ಕನ್ನಡದಲ್ಲಿ ಏನನ್ನೋಣ?

ನಮ್ಮಲ್ಲಿರುವ ಮಾತುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ಬೀಜ ಮೊದಲೋ ಮರ ಮೊದಲೋ’ ಎಂಬುದು ಯಾವುದು ಮೂಲ ಎಂದು ಕೇಳುವ ಪ್ರಶ್ನೆ. ನಮ್ಮ ಸಮಸ್ಯೆ ಮೂಲದ್ದಲ್ಲ, ಮುಂದಿನ ಹೆಜ್ಜೆಯದು. ‘ಬೆಕ್ಕಿಗೆ ಗಂಟೆ ಕಟ್ಟುವವರು ಯಾರು’ ಹತ್ತಿರ ಬರುತ್ತದೆ. ಆದರೆ ಅಲ್ಲಿ ಒಬ್ಬ ಧೈರ್ಯಶಾಲಿ ಸಿಕ್ಕರೆ ಸಾಕು, ಉಳಿದ ಇಲಿಗಳೆಲ್ಲ ಬದುಕಿದವು. ಬಾರ್‌ಕೋಡಿಗೆ ಒಬ್ಬ ಧೈರ್ಯ ಮಾಡಿದರೆ ಅವನ ದುಡ್ಡು ಹೋಗುತ್ತದೆ, ಯಾರಿಗೂ ಉಪಯೋಗವಿಲ್ಲ. ‘ನಾ ಮುಂದು ತಾ ಮುಂದು’ ಇದರ ತದ್ವಿರುದ್ಧ. ಕಟ್ಟೆ ಒಡೆದ ಮೇಲೆ ಜನ ನುಗ್ಗುವ ಹಂತಕ್ಕೆ ಅದು ತುಂಬಾ ಚೆನ್ನಾಗಿ ಒಪ್ಪುತ್ತದೆ, ಆ ಜಾಗಕ್ಕೆ ಅದನ್ನೇ ಬಳಸುತ್ತೇನೆ.

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ಎಲ್ಲಕ್ಕಿಂತ ಹತ್ತಿರ. ಎರಡು ಷರತ್ತುಗಳು ಒಂದನ್ನೊಂದು ಕಟ್ಟಿಹಾಕಿರುವ ಚಿತ್ರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವ ಇನ್ನೊಂದು ಗಾದೆ ನನಗೆ ಗೊತ್ತಿಲ್ಲ. ಒಂದೇ ಕೊರತೆ ಎಂದರೆ, ಇಲ್ಲಿ ಸಿಕ್ಕಿಹಾಕಿಕೊಂಡಿರುವವನು ಒಬ್ಬನೇ ಮನುಷ್ಯ, ಅದಕ್ಕೆ ಬಿಡುಗಡೆಯೂ ಇದ್ದಂತಿಲ್ಲ. ಮಾರುಕಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿರುವವರು ಬಹಳ ಮಂದಿ, ಬಿಡುಗಡೆಯೂ ಇದೆ.

ಬಿಡುಗಡೆಯ ದಾರಿಗಳನ್ನು ನೋಡಿದರೆ ಪದ ಹೇಗಿರಬೇಕು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ ಎಂದು ನನ್ನ ಅನಿಸಿಕೆ. ಸ್ವೀಡನ್‌ನಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದವು. ಒಬ್ಬೊಬ್ಬರೇ ಬಲಕ್ಕೆ ಬದಲಾಗಿ ಎನ್ನಲು ಸಾಧ್ಯವೇ ಇಲ್ಲ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಒಂದೇ ಹೊತ್ತಿಗೆ ಬಲಕ್ಕೆ ಸರಿಯಿತು. 1955ರ ಜನಮತದಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಬೇಡ ಎಂದಿದ್ದ ಬದಲಾವಣೆ ಅದು. ರಸ್ತೆಯ ಮಟ್ಟಿಗೆ ಸರ್ಕಾರ ಹೀಗೆ ದಿನ ಗೊತ್ತುಮಾಡಬಹುದು, ಮಾರುಕಟ್ಟೆಯಲ್ಲಿ ಅಂಥ ಯಜಮಾನ ಸಿಗುವುದು ಅಪರೂಪ. ಫ್ಯಾಕ್ಸ್ ಇನ್ನೊಂದು ದಾರಿ. ಅಲೆಕ್ಸಾಂಡರ್ ಬೇನ್ ಅದರ ಮೊದಲ ರೂಪಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಕಚೇರಿಗಳಲ್ಲಿ ಅದು ಮನೆಮಾತಾದದ್ದು 1980ರಲ್ಲಿ ಗ್ರೂಪ್ 3 ಎಂಬ ಅಂತರರಾಷ್ಟ್ರೀಯ ಮಾನಕ ಬಂದ ಮೇಲೆ. ಯಾವ ಕಂಪನಿಯ ಯಂತ್ರ ಕೊಂಡರೂ ಬೇರೆ ಕಂಪನಿಯದರ ಜೊತೆ ಮಾತಾಡುತ್ತದೆ ಎಂದು ಖಾತ್ರಿಯಾದಾಗ ಕಾಯುವ ಅಗತ್ಯ ಕಡಿಮೆಯಾಯಿತು.

ಮೂರನೆಯ ದಾರಿಯೇ ನನಗೆ ಜಾಸ್ತಿ ಇಷ್ಟ: ಹಳತನ್ನು ಬಿಡದೆ ಹೊಸತಿಗೆ ಬರುವಂತೆ ಮಾಡುವುದು. ಅಮೆರಿಕದಲ್ಲಿ ಬಣ್ಣದ ಟಿವಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಸಿಬಿಎಸ್ ಕಂಪನಿಯ ಪದ್ಧತಿಗೆ, 1950ರಲ್ಲಿ. ಅದರ ಬಣ್ಣ ಚೆನ್ನಾಗಿತ್ತು. ಆದರೆ ಆಗ ಮನೆಗಳಲ್ಲಿದ್ದ ಕಪ್ಪು ಬಿಳುಪು ಟಿವಿಗಳಲ್ಲಿ ಅದರ ಕಾರ್ಯಕ್ರಮ ಕಪ್ಪು ಬಿಳುಪಾಗಿಯೂ ಕಾಣುತ್ತಿರಲಿಲ್ಲ. ಬಣ್ಣದಲ್ಲಿ ಪ್ರಸಾರ ಮಾಡಿದ ಹೊತ್ತೆಲ್ಲ ಇದ್ದ ನೋಡುಗರನ್ನೂ ಕಳೆದುಕೊಂಡಂತೆ. 1951ರಲ್ಲಿ ಶುರುವಾದ ಪ್ರಸಾರ ಅದೇ ವರ್ಷ ನಿಂತಿತು. ಕೊರಿಯಾ ಯುದ್ಧದ ಕಾಲದ ನಿರ್ಬಂಧ ಅದಕ್ಕೆ ನೆಪವೂ ಆಯಿತು, ಕಾರಣವೂ ಆಯಿತು. 1953ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಎರಡನೆಯ ಪದ್ಧತಿಯಲ್ಲಿ ಹಳೆಯ ಟಿವಿಯವರು ಅದೇ ಕಾರ್ಯಕ್ರಮವನ್ನು ಕಪ್ಪು ಬಿಳುಪಿನಲ್ಲಿ ನೋಡಬಹುದಿತ್ತು. ಅದೂ ನಿಧಾನವಾಗಿಯೇ ಹಬ್ಬಿತು. ಆದರೆ ಯಾರೂ ಯಾರಿಗಾಗಿಯೂ ನಷ್ಟ ಅನುಭವಿಸಬೇಕಾಗಿರಲಿಲ್ಲ.

ನಮ್ಮಂಥ ಭಾಷಾಸಕ್ತರಿಗೆ ಇದೇ ಮಾತು ಅಕ್ಷರಗಳಲ್ಲೂ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಇಂಗ್ಲಿಷ್ ಅಕ್ಷರಗಳ ಹಳೆಯ ಸಂಕೇತವಾದ ಆಸ್ಕಿಯಲ್ಲಿರುವ ಕಡತ ಏನೂ ಬದಲಾವಣೆ ಇಲ್ಲದೆ ಯುಟಿಎಫ್-8 ಕಡತವೂ ಹೌದು. ಹಾಗಾಗಿ ಮೊದಲು ಬಂದವರಿಗೆ ಒಂಟಿತನದ ಶಿಕ್ಷೆ ಇರಲಿಲ್ಲ. ಇವತ್ತು ಜಾಲತಾಣಗಳಲ್ಲಿ ಬಹುಪಾಲು ಅದೇ ಇದೆ. ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿ ಐಪಿವಿ6 ಮೊದಲು ಪ್ರಕಟವಾದದ್ದು 1995ರಲ್ಲಿ. ಅದು ಹಳೆಯ ಪದ್ಧತಿಯಾದ ಐಪಿವಿ4 ಜೊತೆ ನೇರವಾಗಿ ಮಾತಾಡಲಾರದು. 2011ರ ಫೆಬ್ರವರಿಯಲ್ಲಿ ಜಗತ್ತಿಗೆಲ್ಲ ವಿಳಾಸ ಹಂಚುವ ಕೇಂದ್ರದಲ್ಲಿದ್ದ ಹಳೆಯ ವಿಳಾಸಗಳ ಸಂಗ್ರಹವೇ ಖಾಲಿಯಾಯಿತು. ಆದರೂ ಐಪಿವಿ4 ಇನ್ನೂ ಬಳಕೆಯಲ್ಲಿದೆ. ಎರಡೂ ಒಳ್ಳೆಯ ಕೆಲಸಗಳೇ. ಒಂದು ಬೇಗ ಹಬ್ಬಿತು, ಇನ್ನೊಂದು ತೆವಳುತ್ತಿದೆ. ವ್ಯತ್ಯಾಸ ಬಹುಮಟ್ಟಿಗೆ ಇಲ್ಲೇ ಇದೆ.

ಹಳತಿಗೆ ಹೊಂದುವ ಈ ಗುಣಕ್ಕೆ ತಂತ್ರಾಂಶದವರು ‘ಹಿಮ್ಮುಖ ಹೊಂದಾಣಿಕೆ’ ಎನ್ನುವುದುಂಟು. ಹಿಮ್ಮುಖ ಎಂದರೆ ಹಿಂದಕ್ಕೆ ಹೋಗುವುದು ಎಂದೇ ಕಿವಿಗೆ ಬೀಳುತ್ತದೆ. ಮುಂದೆ ಹೋಗಲು ನೆರವಾಗುವ ಗುಣಕ್ಕೆ ಆ ಹೆಸರು ಬೇಡ. ‘ಹಳತಿನ ಹೊಂದಿಕೆ’ ಎಂದರೆ ಸಾಕಲ್ವಾ?

ಈಗ ಕಾಯುವ ಸ್ಥಿತಿಯ ಪದಕ್ಕೆ ನನ್ನಲ್ಲಿ ಇರುವ ಆಯ್ಕೆಗಳು. ‘ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು’ ಎನ್ನುತ್ತೇವಲ್ಲ, ಅದು ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಪಾರಿಭಾಷಿಕ ಪದವಾಗಲು ಉದ್ದವಾಯಿತು, ‘ಮುಖನೋಟ’ ಎಂದು ಮೊಟಕು ಮಾಡಿದರೆ ಬೇರೆ ಅರ್ಥ ಬರುತ್ತದೆ. ‘ಎದುರುನೋಡು’ ಕ್ರಿಯಾಪದದಲ್ಲಿ ಕಾಯುವುದೂ ಇದೆ, ಹೀಗಾಗಬಹುದು ಎಂದು ನಿರೀಕ್ಷಿಸುವುದೂ ಇದೆ. ಅದರಿಂದ ‘ಎದುರುನೋಟ’ ಮಾಡಬಹುದೇ? ಮೂರನೆಯದು ‘ಕಾಯುವ ಗಂಟು’. ಗಂಟು ಎಂದಾಗ ಅದು ಬೀಳುತ್ತದೆ, ಬಿಗಿಯುತ್ತದೆ, ಸಡಿಲವಾಗುತ್ತದೆ, ಬಿಚ್ಚುತ್ತದೆ. ಬೇಕಾದ ಕ್ರಿಯಾಪದಗಳೆಲ್ಲ ಪದದ ಜೊತೆಯಲ್ಲೇ ಬರುತ್ತವೆ. ‘1973ರ ಒಪ್ಪಂದದಿಂದ ಕಾಯುವ ಗಂಟು ಸಡಿಲವಾಯಿತು’ ಎಂದು ಬರೆದರೆ ವಿವರಣೆಯೇ ಬೇಡ. ‘ಬಿಕ್ಕಟ್ಟು’ ಎನ್ನಿ ಎಂದು ಯಾರಾದರೂ ಹೇಳಬಹುದು. ಅದು ಜಗಳ, ಸಂಕಷ್ಟಗಳ ಕಡೆ ವಾಲುತ್ತದೆ, ಇಲ್ಲಿ ಯಾರ ನಡುವೆಯೂ ಜಗಳವಿಲ್ಲ.

ಬಳಸುವವರು ಹೆಚ್ಚಿದಷ್ಟೂ ವಸ್ತುವಿನ ಉಪಯೋಗ ಹೆಚ್ಚುವುದನ್ನು ಹೇಳುವ ನೆಟ್‌ವರ್ಕ್ ಎಫೆಕ್ಟ್‌ಗೆ ‘ಜಾಲ ಪರಿಣಾಮ’ ಎಂದೇ ಇಟ್ಟುಕೊಂಡಿದ್ದೇನೆ. ಪತ್ರಿಕೆಗಳಲ್ಲಿ ‘ಕಳ್ಳಸಾಗಣೆ ಜಾಲ’ ಓದಿ ಓದಿ ಆ ಪದಕ್ಕೆ ಸ್ವಲ್ಪ ಕೆಟ್ಟ ಹೆಸರು ಬಂದಿದೆ. ಅದನ್ನು ಸದ್ಯಕ್ಕೆ ಮುಟ್ಟುವುದಿಲ್ಲ.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ‘ಚಲಾವಣೆ’ಯನ್ನು ಹಣದಾಚೆಗೆ, ವಸ್ತು ಅಥವಾ ಪದ್ಧತಿಯ ಬಗ್ಗೆ ಬಳಸಿದ ಹಳೆಯ ಉದಾಹರಣೆಗಳು ನಿಮ್ಮ ಓದಿನಲ್ಲಿ ಸಿಕ್ಕಿದ್ದರೆ ವಾಕ್ಯ ಸಮೇತ ಕಳಿಸಿ. ಎಲ್ಲರೂ ಎಲ್ಲರಿಗಾಗಿ ಕಾಯುವುದಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ ಬೇರೆ ಪದವೋ ಗಾದೆಯೋ ಇದ್ದರೆ ಅದನ್ನೂ ತಿಳಿಸಿ, ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದರ ಜೊತೆಗೆ. ‘ಕಾಯುವ ಗಂಟು’ ನಿಮ್ಮ ಕಿವಿಗೆ ಒಗ್ಗದಿದ್ದರೆ ಯಾಕೆ ಎಂದು ಬರೆಯಿರಿ. ಕರಡನ್ನು ಅಚ್ಚಿಗೆ ಕಳಿಸುವ ಮುನ್ನ ಇದೊಂದು ತೀರ್ಮಾನವಾಗಬೇಕಿದೆ.