ಸ್ವಿಫ್ಟ್‌ಗೆ ಕೋಲ್ಡ್ ಏರ್ ಇಂಟೇಕ್ ಹಾಕಿಸಬೇಕಾ? ಹಾಕಿಸಿ ನೋಡಿದವರು ಹೇಳಿ

ಪ್ರಶ್ನೆ

ನನ್ನದು 2019ರ ಪೆಟ್ರೋಲ್ ಸ್ವಿಫ್ಟ್, 58,000 ಕಿ.ಮೀ. ಓಡಿದೆ. ವಾರವೆಲ್ಲ ಬೆಂಗಳೂರು ಟ್ರಾಫಿಕ್, ತಿಂಗಳಿಗೊಮ್ಮೆ ಸಕಲೇಶಪುರಕ್ಕೆ ಅಮ್ಮನ ಮನೆಗೆ. ಇತ್ತೀಚೆಗೆ ಪಿಕಪ್ ಕಡಿಮೆಯಾದ ಹಾಗಿದೆ. ಹಾಸನ ದಾಟಿದ ಮೇಲೆ ಲಾರಿ ಓವರ್‌ಟೇಕ್ ಮಾಡಲು ಧೈರ್ಯವೇ ಬರುತ್ತಿಲ್ಲ. ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಕೋಲ್ಡ್ ಏರ್ ಇಂಟೇಕ್ ಕಿಟ್ (ಎಂಜಿನ್ನಿಗೆ ತಣ್ಣನೆ ಗಾಳಿ ಎಳೆಯುವ ಪೈಪು, ಫಿಲ್ಟರ್) ತೋರಿಸಿ, ಫಿಟ್ಟಿಂಗ್ ಸೇರಿ 18 ಸಾವಿರ ಅಂದರು. ‘ಪಿಕಪ್ಪೂ ಬರುತ್ತೆ, ಮೈಲೇಜೂ ಏರುತ್ತೆ’ ಅಂತ ಬೇರೆ. ನಿಜವಾ? ಅಷ್ಟು ದುಡ್ಡು ಹಾಕಬಹುದಾ?

ಐ20 ಪೆಟ್ರೋಲ್, ಬೆಂಗಳೂರು

ಹಾಕಿಸಿ, ಎಂಟು ತಿಂಗಳು ಓಡಿಸಿ, ಆಮೇಲೆ ನಾನೇ ಬಿಚ್ಚಿಸಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅಂಗಡಿಯವರ ಲೆಕ್ಕ ಪೂರ್ತಿ ಸುಳ್ಳಲ್ಲ. ಗಾಳಿ ತಣ್ಣಗಾದಷ್ಟೂ ದಟ್ಟವಾಗುತ್ತದೆ. ಹತ್ತು ಡಿಗ್ರಿ ತಣ್ಣಗಿದ್ದರೆ ಎಂಜಿನ್ನಿಗೆ ಸುಮಾರು 3% ಜಾಸ್ತಿ ಗಾಳಿ ಸಿಗುತ್ತದೆ. ನಿಮ್ಮ ಗಾಡಿಯ 83 ಎಚ್‌ಪಿಗೆ ಅದು ಎರಡೂವರೆ ಎಚ್‌ಪಿ ಆಯಿತು. ಅದೂ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ.

ಆದರೆ ಆ ಹತ್ತು ಡಿಗ್ರಿ ಎಲ್ಲಿಂದ ಬರಬೇಕು? ಬಾನೆಟ್ ಎತ್ತಿ, ಏರ್ ಫಿಲ್ಟರ್ ಬಾಕ್ಸಿನಿಂದ ಹೊರಡುವ ಕಪ್ಪು ಪ್ಲಾಸ್ಟಿಕ್ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಕೈಯಾಡಿಸಿ ನೋಡಿ. ಈಗಿನ ಬಹುತೇಕ ಕಾರುಗಳಲ್ಲಿ ಅದರ ಬಾಯಿ ಗ್ರಿಲ್ ಹತ್ತಿರವೋ ಹೆಡ್‌ಲೈಟ್ ಹಿಂದೆಯೋ ಇರುತ್ತದೆ. ಅಲ್ಲಿ ಬರುವುದು ಹೊರಗಿನ ಗಾಳಿಯೇ. ಅಂದರೆ ಕೋಲ್ಡ್ ಏರ್ ಇಂಟೇಕ್ ಷೋರೂಮಿನಿಂದಲೇ ಬಂದಿದೆ, ಬಿಲ್ಲಿನಲ್ಲಿ ಬರೆದಿಲ್ಲ ಅಷ್ಟೇ.

ನನಗೆ ಹಾಕಿಕೊಟ್ಟಿದ್ದು ಏನು ಗೊತ್ತಾ? ಬಾಕ್ಸ್ ತೆಗೆದು, ಒಂದು ಅಲ್ಯೂಮಿನಿಯಂ ಪೈಪ್, ಅದರ ತುದಿಗೆ ಕೆಂಪು ಕೋನ್ ಫಿಲ್ಟರ್. ಸುತ್ತ ಯಾವ ಮರೆಯೂ ಇಲ್ಲ. ರೇಡಿಯೇಟರ್ ಫ್ಯಾನ್ ಬೀಸುವ ಬಿಸಿಗಾಳಿಗೆ ನೇರ ಮುಖ. ಕಾರಿನ ಸೆನ್ಸರ್ ಲೆಕ್ಕ ಓದುವ ಒಂದು ಓಬಿಡಿ ರೀಡರ್ ತಂದು ಫೋನಿಗೆ ಕನೆಕ್ಟ್ ಮಾಡಿ, ಎಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಅಂತ ನೋಡಿದೆ. ಹೊರಗೆ 27 ಡಿಗ್ರಿ ಇದ್ದ ದಿನ ಹಳೆ ಬಾಕ್ಸಿನಲ್ಲಿ ಓಡುವಾಗ 32, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ 43. ಕೋನ್ ಹಾಕಿದ ಮೇಲೆ ಓಡುವಾಗ 35, ಅದೇ ಸಿಗ್ನಲ್‌ನಲ್ಲಿ 61! ಹಸಿರು ಬಿದ್ದು ಹೊರಟರೂ ಅದು ಇಳಿಯಲು ಎರಡು ಮೂರು ನಿಮಿಷ. ಅಷ್ಟರಲ್ಲಿ ಮುಂದಿನ ಸಿಗ್ನಲ್ ಬಂದಿರುತ್ತದೆ. ಹೆಸರಿಗೆ ಕೋಲ್ಡ್, ಕುಡಿಯುವುದೆಲ್ಲ ಬಿಸಿ.

ಮತ್ತೆ ಮೊದಲ ವಾರ ಅಷ್ಟು ಖುಷಿ ಯಾಕಾಯಿತು? ಸೌಂಡ್. ಕಂಪನಿಯ ಪೈಪಿನಲ್ಲಿ ಸದ್ದು ಅಡಗಿಸಲೆಂದೇ ಒಂದು ಟೊಳ್ಳು ಡಬ್ಬಿ ಇರುತ್ತದೆ, ರೆಸೊನೇಟರ್ ಅಂತ. ಅದು ಹೋದರೆ 3,000 ಆರ್‌ಪಿಎಮ್ ಮೇಲೆ ಎಂಜಿನ್ ಗುಟುರು ಹಾಕುತ್ತದೆ. ಗಾಡಿ ಹಾರುತ್ತಿದೆ ಅನಿಸುತ್ತದೆ. ಗೆಳೆಯನನ್ನು ಪಕ್ಕ ಕೂರಿಸಿ, 3ನೇ ಗೇರಿನಲ್ಲಿ 40ರಿಂದ 80ಕ್ಕೆ ಹೋಗುವುದನ್ನು ಐದು ಸಲ ಟೈಮ್ ಮಾಡಿಸಿದೆ. ಬಿಚ್ಚಿದ ಮೇಲೆ ಅದೇ ರಸ್ತೆಯಲ್ಲಿ ಮತ್ತೆ ಐದು ಸಲ. ಎರಡೂ 9 ಸೆಕೆಂಡಿನ ಆಚೀಚೆ. ಇದ್ದ ವ್ಯತ್ಯಾಸ ಅವನ ಹೆಬ್ಬೆರಳಿನದು.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 10% ಕಡಿಮೆ. ನಮ್ಮಂಥ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪ್) ಇಲ್ಲದ ಗಾಡಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಸಕಲೇಶಪುರಕ್ಕೆ ಹೋದಾಗ ಹಾಗೇ ಶಿರಾಡಿ ಇಳಿದು ಮಂಗಳೂರು ಮುಟ್ಟಿ ನೋಡಿ. ಯಾವ ಕಿಟ್ ಕೊಡುವುದಕ್ಕಿಂತಲೂ ಜಾಸ್ತಿ ಗಾಳಿ ಅಲ್ಲಿ ಬಿಟ್ಟಿ ಸಿಗುತ್ತದೆ. ಸೆಕೆಗೆ ನಾನು ಜವಾಬ್ದಾರನಲ್ಲ.

ಹೊಸಪೇಟೆಯಿಂದ

ನಮ್ಮ ಕಡೆ ಧೂಳಿನ ಮಾತು ಮೊದಲು ರೀ. ಸಂಡೂರು ರಸ್ತೆಯಲ್ಲಿ ದಿನಾ ಓಡಾಟ. ಅದಿರು ಲಾರಿ ಹಿಂದೆ ಹತ್ತು ನಿಮಿಷ ಹೋದರೆ ಬಿಳಿ ಗಾಡಿ ಇಟ್ಟಿಗೆ ಬಣ್ಣ ಆಗುತ್ತದೆ. ನಾನು ಪೂರ್ತಿ ಕಿಟ್ ಹಾಕಲಿಲ್ಲ, ತೊಳೆದು ಮತ್ತೆ ಬಳಸುವ ಎಣ್ಣೆ ಹಚ್ಚಿದ ಕಾಟನ್ ಫಿಲ್ಟರ್ ಅಷ್ಟೇ ಹಾಕಿದ್ದೆ. ಮೂರು ತಿಂಗಳ ಮೇಲೆ ಪೈಪ್ ಬಿಚ್ಚಿ, ಫಿಲ್ಟರಿನ ಆಚೆ, ಅಂದರೆ ಎಂಜಿನ್ ಕಡೆಯ ಭಾಗದಲ್ಲಿ ಬಿಳಿ ಕರ್ಚೀಫ್ ಒರೆಸಿದೆ. ಕರ್ಚೀಫ್ ಮೇಲೆ ಕುಂಕುಮ ಹಚ್ಚಿದ ಹಾಗೆ ಕೆಂಪು. ಅಷ್ಟೂ ಧೂಳು ಫಿಲ್ಟರ್ ದಾಟಿ ಒಳಗೆ ಹೋಗಿದ್ದು. ಗಾಳಿಗೆ ಸಲೀಸು ದಾರಿ ಬಿಟ್ಟರೆ ಧೂಳಿಗೂ ದಾರಿ ಬಿಟ್ಟ ಹಾಗೆ ಅಲ್ವಾ?

ಮೇಲೆ ಇನ್ನೊಂದು ತಪ್ಪು ನನ್ನದೇ. ತೊಳೆದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದೆ. ಅದು ಹಾರಿ ಹೋಗಿ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಕೂತು, ಚೆಕ್ ಎಂಜಿನ್ ಲೈಟ್ ಬಂತು. ಸೆನ್ಸರ್ ಬಿಚ್ಚಿ ಅದರದೇ ಸ್ಪ್ರೇ ಹೊಡೆದ ಮೇಲೆ ಲೈಟ್ ಹೋಯಿತು. ಈಗ ಕಂಪನಿ ಪೇಪರ್ ಫಿಲ್ಟರೇ. ನಮ್ಮ ರಸ್ತೆಗೆ ಬುಕ್‌ನಲ್ಲಿ ಹೇಳಿದ್ದಕ್ಕಿಂತ ಅರ್ಧ ದೂರಕ್ಕೇ ಬದಲಿಸುತ್ತೇನೆ.

ಪ್ರಶ್ನೆ ಕೇಳಿದವರು

ಮೈಲೇಜ್ ಬಗ್ಗೆ ಯಾರೂ ಹೇಳಲಿಲ್ಲ?

ಐ20 ಪೆಟ್ರೋಲ್, ಬೆಂಗಳೂರು

ಬರಲ್ಲ. ಊರಲ್ಲಿ ನಾವು ಕಾಲು ಅರ್ಧವೂ ಒತ್ತುವುದಿಲ್ಲ. ಆಗ ಗಾಳಿ ತಡೆಯುವುದು ಫಿಲ್ಟರ್ ಅಲ್ಲ, ಆಕ್ಸಿಲರೇಟರ್ ಒತ್ತಿದಷ್ಟೇ ತೆರೆಯುವ ಥ್ರಾಟಲ್ ಒಳಗಿನ ತಟ್ಟೆ. ಗೇಟ್ ಅರ್ಧ ಮುಚ್ಚಿಟ್ಟು ಹೊರಗಿನ ರಸ್ತೆ ಅಗಲ ಮಾಡಿದರೆ ಏನು ಬಂತು? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ಈಗಿನ ಫ್ಯುಯಲ್ ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಅಷ್ಟೇನೂ ಬೀಳಲಿಲ್ಲ. ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಕೊಳಕು ಫಿಲ್ಟರಿಗೇ ಬೀಳದ ಮೈಲೇಜ್ ಕೆಂಪು ಫಿಲ್ಟರಿಗೆ ಏರುತ್ತಾ?

ಕ್ಯಾಲಿಫೋರ್ನಿಯಾದಿಂದ

ಒಂದು ವಿರುದ್ಧ ಮಾತು. ನನ್ನದು ಟರ್ಬೊ ಸಿವಿಕ್. ಇಂಟೇಕ್ ಜೊತೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಟ್ಯೂನ್ ಮಾಡಿಸಿದೆ, ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಆದರೆ ಮುಕ್ಕಾಲು ಪಾಲು ಕೆಲಸ ಟ್ಯೂನಿನದೇ ಅಂತ ನನ್ನ ಅಂದಾಜು. ಟರ್ಬೊ ಗಾಳಿಯನ್ನು ಒತ್ತುವಾಗ ಹೇಗೂ ಕಾಯಿಸುತ್ತದೆ, ತಣ್ಣಗೆ ಮಾಡುವುದು ಇಂಟರ್‌ಕೂಲರ್. ಇಲ್ಲಿ ಕಿಟ್ ಮೇಲೆ ರಾಜ್ಯದ ಏರ್ ಬೋರ್ಡ್ ಕೊಟ್ಟ ಇಒ ನಂಬರ್ (ಅನುಮತಿ ಸಂಖ್ಯೆ) ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ, ಅಂದರೆ ಸ್ಮಾಗ್ ಚೆಕ್‌ನಲ್ಲಿ ಕಣ್ಣಲ್ಲಿ ನೋಡಿಯೇ ಫೇಲ್ ಮಾಡುತ್ತಾರೆ. ಈ ಕಡೆ ಇರುವವರು ಮೊದಲು ಆ ನಂಬರ್ ನೋಡಿ ತೆಗೆದುಕೊಳ್ಳಿ.

ಗ್ಯಾರೇಜ್ ಇಟ್ಟವನು, ಬೆಂಗಳೂರು

ಪೈಪನ್ನು ಬಂಪರ್ ಕೆಳಗೆ ಇಳಿಸುವ ಕಿಟ್ಟೂ ಇದೆ. ಅದರಲ್ಲಿ ಗಾಳಿ ನಿಜವಾಗಿ ತಣ್ಣಗಿರುತ್ತದೆ, ನೀರೂ ಬೇಗ ಸಿಗುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ ಹೇಗಿತ್ತು ನೆನಪಿದೆಯಲ್ಲ? ಆಗ ನೀರು ಎಳೆದುಕೊಂಡು ಒಳಗಿನ ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೆ ಜೋಡಿಸಿದ ಸರಳು) ಬಗ್ಗಿದ ಎಂಜಿನ್‌ಗಳನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಎಲ್ಲ ಕಂಪನಿ ಪೈಪ್ ಇದ್ದ ಗಾಡಿಗಳೇ. ಬಾಯಿ ಇನ್ನೂ ಒಂದಡಿ ಕೆಳಗಿದ್ದರೆ ಏನಾಗುತ್ತಿತ್ತು ನೀವೇ ಊಹಿಸಿ. ಎಂಜಿನ್ ಪ್ರೊಟೆಕ್ಟ್ ಸೇರಿಸದ ಇನ್ಶೂರೆನ್ಸ್ ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂ. ದಂಡ ಅಂತ 2019ರ ತಿದ್ದುಪಡಿಯಲ್ಲಿದೆ, ಅದೂ ತಲೆಯಲ್ಲಿರಲಿ.

ಸರ್, ನಿಮ್ಮ ತೊಂದರೆ ಗಾಳಿ ಬಿಸಿಯಾಗಿರುವುದಲ್ಲ. ಮೊದಲು ಇದ್ದ ಪಿಕಪ್ ಈಗ ಇಲ್ಲ ಅಂದರೆ ಏನೋ ಕೆಟ್ಟಿದೆ. ಏರ್ ಫಿಲ್ಟರ್ ಕೊನೆಯ ಸಲ ಯಾವಾಗ ಬದಲಾಯಿಸಿದಿರಿ? ಸ್ಪಾರ್ಕ್ ಪ್ಲಗ್? ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಏರು ದಾರಿಯಲ್ಲಿ 4ನೇ ಗೇರಿನಲ್ಲಿ ಜೋರಾಗಿ ಒತ್ತಿ ನೋಡಿ. ಆರ್‌ಪಿಎಮ್ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟಯರ್ ಗಾಳಿಯನ್ನಂತೂ ಇವತ್ತೇ ನೋಡಿ, ಅದಕ್ಕೆ ಬಿಚ್ಚುವುದು ಏನೂ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಫಿಲ್ಟರ್ ಬಾಕ್ಸ್ ತೆಗೆದೆ. ಫಿಲ್ಟರ್ ಕಪ್ಪಗಾಗಿತ್ತು, ಅದಿರಲಿ. ಅದರ ಕೆಳಗೆ ಒಂದು ಬೊಗಸೆ ಕಡಲೆಕಾಯಿ ಸಿಪ್ಪೆ, ಸೀಟಿನ ಸ್ಪಂಜಿನ ಚೂರು! ಇಲಿ ಸಂಸಾರ ಹೂಡಿತ್ತು. ಹೊಸ ಫಿಲ್ಟರಿಗೆ 340 ರೂ. ಆಯಿತು. ಈಗ ಸ್ವಲ್ಪ ಪರವಾಗಿಲ್ಲ, ಪೂರ್ತಿ ಸರಿಹೋಗಿಲ್ಲ. ಪ್ಲಗ್ ಮತ್ತು ಕ್ಲಚ್ ಶನಿವಾರ ತೋರಿಸುತ್ತೇನೆ. ಈ ಇಲಿಗೆ ಏನು ಮಾಡುತ್ತೀರಿ?

ಹೊಸಪೇಟೆಯಿಂದ

ಹೊಗೆಸೊಪ್ಪು ತಂದು, ಬಟ್ಟೆಯಲ್ಲಿ ಗಂಟು ಕಟ್ಟಿ ಬ್ಯಾಟರಿ ಪಕ್ಕ ಇಡಿ ರೀ. ಮಳೆಗಾಲ ಮುಗಿದ ಮೇಲೆ ಬದಲಿಸಿ. ಫಿಲ್ಟರ್ ಬಾಕ್ಸಿನ ಒಳಗೆ ಮಾತ್ರ ಇಡಬೇಡಿ, ನಮ್ಮ ಮಾವ ಹಾಗೆ ಮಾಡಿ ನೋಡಿದ್ದಾರೆ.