ಸರಕು ಸರಿದರೆ ಅಷ್ಟು ದೊಡ್ಡ ವಿಮಾನವೂ ಬೀಳುತ್ತದಾ?

ಮಲೆನಾಡಿಗ:
ಅಫ್ಘಾನಿಸ್ತಾನದ ಬಾಗ್ರಾಮ್‌ನಲ್ಲಿ 2013ರ ಏಪ್ರಿಲ್ 29ರಂದು ಬಿದ್ದ ಬೋಯಿಂಗ್ 747 ಸರಕು ವಿಮಾನದ ವಿಡಿಯೊ ನಿನ್ನೆ ನೋಡಿದೆ. ಯಾವುದೋ ಗಾಡಿಯ ಡ್ಯಾಶ್‌ಕ್ಯಾಮ್‌ನಲ್ಲಿ ಸಿಕ್ಕಿದ್ದು. ಮೂಗು ಮೇಲೆ ಮಾಡಿಕೊಂಡು ಏರುತ್ತದೆ, ಗಾಳಿಯಲ್ಲಿ ನಿಂತೇಬಿಟ್ಟಿತು ಅನ್ನಿಸುತ್ತದೆ, ಆಮೇಲೆ ಪಕ್ಕಕ್ಕೆ ವಾಲಿ ನೆಲಕ್ಕೆ. ಒಳಗಿದ್ದ 7 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನೋಡಿದ ಮೇಲೆ ನಿದ್ದೆ ಬರಲಿಲ್ಲ. ಸರಕು ಹಿಂದಕ್ಕೆ ಸರಿದದ್ದೇ ಕಾರಣ ಅಂತ ಎಲ್ಲರೂ ಬರೆದಿದ್ದಾರೆ. ಎತ್ತಿನ ಗಾಡಿಗೆ ಹಿಂಭಾರ ಆದರೆ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ, ಅದು ಚಿಕ್ಕಂದಿನಲ್ಲಿ ನೋಡಿದ್ದೇನೆ. ಇದೂ ಅಷ್ಟೇನಾ?

ಸರಕುಮನೆ:
ಹಿಂಭಾರವೂ ಇತ್ತು, ಆದರೆ ಅದೊಂದರಿಂದಲೇ ಬಿದ್ದಿದ್ದಲ್ಲ. ಅದರಲ್ಲಿ ಸೇನೆಯ 5 ಕವಚದ ಗಾಡಿಗಳಿದ್ದವು, ಮೂರು ತಲಾ 18 ಟನ್, ಎರಡು ತಲಾ 12 ಟನ್. ಅಫ್ಘಾನಿಸ್ತಾನದ್ದೇ ಸೇನಾನೆಲೆ ಕ್ಯಾಂಪ್ ಬಾಸ್ಟಿಯನ್‌ನಿಂದ ದುಬೈಗೆ ಹೊರಟಿದ್ದು, ಇಂಧನಕ್ಕೆ ಬಾಗ್ರಾಮ್‌ನಲ್ಲಿ ಇಳಿದಿತ್ತು. ಮೂಗು ಎತ್ತಿದ ಹೊತ್ತಿಗೆ ಹಿಂದಿನ ಗಾಡಿ ಕಿತ್ತುಕೊಂಡು ಬಾಲದ ಕಡೆಗಿನ ಗೋಡೆಯನ್ನೇ ಒಡೆದು ನುಗ್ಗಿತು. ಆ ಗೋಡೆಯ ಹಿಂದೆಯೇ ಎರಡು ಹೈಡ್ರಾಲಿಕ್ (ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವ) ವ್ಯವಸ್ಥೆಗಳ ಪೈಪು, ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ದೊಡ್ಡ ಸ್ಕ್ರೂ ಇರುತ್ತದೆ. ಅದೆಲ್ಲ ಹಾಳಾದ ಮೇಲೆ ಪೈಲಟ್ ಎಷ್ಟು ಒತ್ತಿದರೂ ಮೂಗು ಕೆಳಗೆ ಬರಲು ದಾರಿಯೇ ಇರಲಿಲ್ಲ. ವಿಮಾನದಲ್ಲಿದ್ದ ರೆಕಾರ್ಡರುಗಳು ಕೂಡ ಅದೇ ಹೊತ್ತಿಗೆ ನಿಂತುಹೋದವು. ಪೈಪಿನ ಚೂರು, ಹೊರಮೈಯ ಚೂರು ರನ್‌ವೇ ಮೇಲೇ ಸಿಕ್ಕವು. ದಯವಿಟ್ಟು ಪೈಲಟ್‌ಗಳನ್ನು ಬೈಯಬೇಡಿ.

ಮಲೆನಾಡಿಗ:
ಬೈಯುವ ಮಾತೇ ಇಲ್ಲ ಸರ್. ಆದರೆ ಕಟ್ಟಿರಲಿಲ್ವಾ?

ಸರಕುಮನೆ:
ಕಟ್ಟಿದ್ದರು, ನನಗೆ ಸಂಕಟ ಆಗೋದು ಅಲ್ಲೇ. ಮಾಮೂಲಿ ಪ್ಯಾಲೆಟ್ (ಸರಕು ಇಡುವ ಚಪ್ಪಟೆ ಹಲಗೆ) ಆದರೆ ನೆಲದ ಲಾಕ್‌ಗಳು ಹಿಡಿದುಕೊಳ್ಳುತ್ತವೆ. ಈ ಗಾಡಿಗಳು ನೆಲದ ನಡುವೆ ಇಟ್ಟವು, ಲಾಕ್‌ಗೆ ಸಿಗದವು, ಹಾಗಾಗಿ ಹಿಡಿದದ್ದು ಬರೀ ಬೆಲ್ಟ್. 18 ಟನ್ನಿನ ಗಾಡಿಗೆ 26 ಬೆಲ್ಟ್. ಒಂದೊಂದೂ 5,000 ಪೌಂಡ್ ತಡೆಯುವಂಥದ್ದು. ಸುಮ್ನೆ ಗುಣಿಸಿದರೆ ಸಾಕಪ್ಪ ಅನ್ನಿಸುತ್ತದೆ, ಅಲ್ವಾ? ಆದರೆ ಬೆಲ್ಟ್ ನೆಲದಿಂದ ಗಾಡಿಯ ಕೊಂಡಿಗೆ ಓರೆಯಾಗಿ ಏರುತ್ತದೆ. ಓರೆ ಜಾಸ್ತಿ ಆದಷ್ಟೂ ಹಿಂದಕ್ಕೆ ಜಾರುವುದನ್ನು ತಡೆಯುವ ಶಕ್ತಿ ಕಡಿಮೆ, ಅದರ ಬಲದಲ್ಲಿ ಒಂದಷ್ಟು ಕೆಳಕ್ಕೆ ಎಳೆಯುವುದರಲ್ಲೇ ಹೋಗಿಬಿಡುತ್ತದೆ. ಆ ಲೆಕ್ಕ ಹಾಕಿದರೆ ಕನಿಷ್ಠ 60 ಬೇಕಿತ್ತು ಅಂತ ಅಮೆರಿಕದ ಸಾರಿಗೆ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ತನಿಖೆಯಲ್ಲಿ ಬಂತು. ಅಷ್ಟು ಬೆಲ್ಟ್ ಹಾಕಲು ನೆಲದಲ್ಲಿ ಜಾಗ ಬೇಕಲ್ಲ, ಹಾಗಾಗಿ ಅಂಥ ಗಾಡಿ ಒಂದನ್ನು ಮಾತ್ರ ಒಯ್ಯಬಹುದಿತ್ತು. ಕಟ್ಟಿದವರು ಸೋಮಾರಿಗಳಲ್ಲ. ಕಂಪನಿಯ ಕೈಪಿಡಿಯೇ ತಪ್ಪಿತ್ತು, ಅಮೆರಿಕದ ವಿಮಾನಯಾನ ಇಲಾಖೆಯವರೂ ಅದನ್ನು ಗಮನಿಸಿರಲಿಲ್ಲ. ಬಾಗ್ರಾಮ್‌ನಲ್ಲಿ ನಿಂತಾಗ ಒಂದು ಬೆಲ್ಟ್ ಹರಿದದ್ದು ಸಿಬ್ಬಂದಿಯ ಕಣ್ಣಿಗೆ ಬಿದ್ದಿತ್ತು, ಅದರ ಬಗ್ಗೆ ಮಾತಾಡಿಕೊಂಡೂ ಇದ್ದರು.

ತೂಕದ ಚೀಟಿ:
ನಿಮ್ಮ ಎತ್ತಿನ ಗಾಡಿಗೆ ಸರಿಯಾಗಿ ಹೊಂದುವುದು ಇನ್ನೊಂದು. 1997ರ ಆಗಸ್ಟ್ 7, ಮಯಾಮಿ, ಫೈನ್ ಏರ್ ಕಂಪನಿಯ ಡಿಸಿ-8 ಸರಕು ವಿಮಾನ. ಸಾಂಟೊ ಡೊಮಿಂಗೊಗೆ ಡೆನಿಮ್ ಬಟ್ಟೆ ಹೊತ್ತು ಹೊರಟದ್ದು. ಅಲ್ಲಿ ತೊಂದರೆ ಶುರುವಾದದ್ದು ಲೋಡ್ ಮಾಡುವಾಗಲೇ. ಭಾರ ಹಿಂದಕ್ಕೆ ಬಂದಿತ್ತು, ಪೈಲಟ್‌ಗಳ ಕೈಯಲ್ಲಿದ್ದ ಚೀಟಿಯಲ್ಲಿ ಬೇರೆಯೇ ಲೆಕ್ಕ, ಟ್ರಿಮ್ (ಭಾರಕ್ಕೆ ತಕ್ಕಂತೆ ಬಾಲದ ಅಡ್ಡರೆಕ್ಕೆಯ ಹೊಂದಾಣಿಕೆ) ಇಟ್ಟದ್ದೂ ಅದನ್ನೇ ನಂಬಿ. ಮೂಗು ಏಳುತ್ತಲೇ ಹೋಯಿತು, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡಿತು. ಒಳಗಿದ್ದ 4 ಜನ, ಕೆಳಗೆ ನೆಲದ ಮೇಲಿದ್ದ ಒಬ್ಬರು ಸತ್ತರು. ನಾನು ತೂಕದ ಕೆಲಸದಲ್ಲೇ ಇರೋದು, ಸಹಿ ಹಾಕುವ ಮುಂಚೆ ಒಂದೊಂದು ಪ್ಯಾಲೆಟ್‌ನ ನಂಬರನ್ನೂ ಜಾಗಕ್ಕೇ ಹೋಗಿ ನೋಡುತ್ತೇನೆ. ಅವಸರ ಮಾಡಬೇಡಿ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮಲೆನಾಡಿಗ:
ಇಬ್ಬರಿಗೂ ಥ್ಯಾಂಕ್ಸ್. ಆ ಹರಿದ ಬೆಲ್ಟ್‌ನ ಮಾತು ಮನಸ್ಸಿಂದ ಹೋಗ್ತಾ ಇಲ್ಲ.