ಸಹಾಯ ಬೇಕು: ಟೆಂಪ್‌ಎಫ್‌ಎಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಮಿತಿ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಇರುವುದು ಒಂದೇ ಸರ್ವರ್. ಡೆಬಿಯನ್ 12 (ಲಿನಕ್ಸ್), ರ‍್ಯಾಮ್ 16 ಜಿಬಿ. ಹನ್ನೆರಡು ಜನ ಅದಕ್ಕೇ ಲಾಗಿನ್ ಆಗುತ್ತಾರೆ.

ಮೊನ್ನೆ ಒಬ್ಬ ಹುಡುಗನ ಪ್ರೋಗ್ರಾಂ /ಡೆವ್/ಎಸ್‌ಎಚ್‌ಎಂ ಒಳಗೆ ಫೈಲ್ ಬರೆಯುತ್ತಲೇ ಹೋಯಿತು. ಅದು ಟೆಂಪ್‌ಎಫ್‌ಎಸ್, ಅಂದರೆ ಫೈಲ್‌ಗಳನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇಡುವ ಜಾಗ. ಎಲ್ಲರ ಸ್ಕ್ರೀನೂ ನಿಂತಿತು. ಒಂದಕ್ಷರ ಒತ್ತಿದರೆ ಅರ್ಧ ನಿಮಿಷ ಬಿಟ್ಟು ಮೂಡುತ್ತಿತ್ತು. ಪ್ರೋಗ್ರಾಂ ಕಿಲ್ ಮಾಡಿದೆ, ಆದರೂ ಮೆಮೊರಿ ಬಿಡಲಿಲ್ಲ. 'ಫ್ರೀ' ಕಮಾಂಡ್ ಹಾಕಿ ಶೇರ್ಡ್ ಕಾಲಂ ನೋಡಿದರೆ 7 ಜಿಬಿಗಿಂತ ಜಾಸ್ತಿ ಅಲ್ಲೇ ಕೂತಿದೆ! ಫೈಲ್ ಅಳಿಸುವ ತನಕ ಅದು ಹೋಗುವುದಿಲ್ಲ ಅಲ್ವಾ.

ಟೆಂಪ್‌ಎಫ್‌ಎಸ್‌ಗೆ ಸೈಜ್ ಹೇಳದಿದ್ದರೆ ರ‍್ಯಾಮ್‌ನ ಅರ್ಧದಷ್ಟು ಸಿಗುತ್ತದೆ. ಅದಕ್ಕೇ ಸೈಜ್ 4 ಜಿಬಿ ಅಂತ ಕೊಟ್ಟು ರಿಮೌಂಟ್ ಮಾಡಿದೆ. ಮೆಷಿನ್ ಉಳಿಯಿತು. ಆದರೆ ಆ 4 ಜಿಬಿ ಎಲ್ಲರಿಗೂ ಸೇರಿ. ಒಬ್ಬನೇ ತುಂಬಿಸಿಬಿಟ್ಟರೆ ಉಳಿದ ಹನ್ನೊಂದು ಜನಕ್ಕೂ 'ಜಾಗ ಇಲ್ಲ' ಅನ್ನುವ ಎರರ್. ಪಾಪ, ಮದ್ದೂರಿನಿಂದ ಬಸ್ಸಲ್ಲಿ ಬರುವ ಹುಡುಗಿ ನಿನ್ನೆ ಸುಮ್ನೆ ಕೂತು ವಾಪಸ್ ಹೋದಳು. ತುಂಬಾ ಬೇಜಾರಾಯಿತು.

/ರನ್/ಯೂಸರ್ ಒಳಗೆ ನೋಡಿದರೆ ಸಿಸ್ಟಮ್‌ಡಿ (ಸರ್ವೀಸ್, ಲಾಗಿನ್ ಎಲ್ಲ ನೋಡಿಕೊಳ್ಳುವ ಪ್ರೋಗ್ರಾಂ) ಒಬ್ಬೊಬ್ಬರಿಗೂ ಬೇರೆ ಟೆಂಪ್‌ಎಫ್‌ಎಸ್ ಕೊಟ್ಟಿದೆ, ತಲಾ ರ‍್ಯಾಮ್‌ನ 10% ಮಿತಿ. ನನಗೆ ಬೇಕಿರುವುದು ಅದೇ ಥರದ್ದು, ಎಸ್‌ಎಚ್‌ಎಂಗೆ. ಟೆಂಪ್‌ಎಫ್‌ಎಸ್‌ಗೆ ಯೂಸರ್ ಕೋಟಾ (ಒಬ್ಬೊಬ್ಬರಿಗೂ ಮಿತಿ) ಬಂದಿರುವುದು ಲಿನಕ್ಸ್‌ನ ತಿರುಳಾದ ಕರ್ನಲ್ 6.6ರಿಂದ. ನನ್ನದು 6.1. ಇಲ್ಲೇ ಸಿಕ್ಕಿಕೊಂಡಿದ್ದೇನೆ.

ಕರ್ನಲ್ ಮುಟ್ಟದೆ, ಪ್ಯಾಮ್ ನೇಮ್‌ಸ್ಪೇಸ್ (ಲಾಗಿನ್ ಆದಾಗ ಅವರವರಿಗೇ ಬೇರೆ ಫೋಲ್ಡರ್ ತೋರಿಸುವ ವ್ಯವಸ್ಥೆ) ಬಳಸಿ ಒಬ್ಬೊಬ್ಬರಿಗೂ 300 ಎಂಬಿಯ ಬೇರೆ ಬೇರೆ ಎಸ್‌ಎಚ್‌ಎಂ ಕೊಟ್ಟರೆ ಸಾಕಾ? ಅಥವಾ ಬ್ಯಾಕ್‌ಪೋರ್ಟ್ಸ್‌ನಿಂದ (ಹಳೆ ಡೆಬಿಯನ್‌ಗೆ ಹೊಸ ಆವೃತ್ತಿಗಳು ಸಿಗುವ ಭಂಡಾರ) ಹೊಸ ಕರ್ನಲ್ ಹಾಕಿ ಕೋಟಾ ಆನ್ ಮಾಡುವುದೇ ಸರಿಯಾ? ನೀವೇ ಮಾಡಿ ನೋಡಿದ್ದರೆ, ಯಾವುದು ತೊಂದರೆ ಕೊಡಲಿಲ್ಲ ಅಂತ ದಯವಿಟ್ಟು ಹೇಳಿ.